ಮೂರು ಸಿಸ್ಟಮ್, ನಾಲ್ಕು ಸ್ಕ್ರೀನ್ ರೀಡರ್, ಒಂದೇ ಕೋಡ್: ಓದುಗರ ಪ್ರಶ್ನೆಗಳಿಗೆ ಉತ್ತರ

ಅಂಧ ಪ್ರೋಗ್ರಾಮರುಗಳೂ ಅವರ ಜೊತೆ ಕೆಲಸ ಮಾಡುವವರೂ ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಉತ್ತರಗಳಲ್ಲಿ ಬರುವ ಎನ್‌ವಿಡಿಎ ಮತ್ತು ಜಾಸ್ ವಿಂಡೋಸ್‌ನ ಸ್ಕ್ರೀನ್ ರೀಡರ್‌ಗಳು, ಅಂದರೆ ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶಗಳು. ಮೊದಲನೆಯದು ಉಚಿತ, ಓಪನ್ ಸೋರ್ಸ್. ಎರಡನೆಯದನ್ನು ದುಡ್ಡು ಕೊಟ್ಟು ಕೊಳ್ಳಬೇಕು. ವಾಯ್ಸ್‌ಓವರ್ ಮ್ಯಾಕ್‌ನಲ್ಲಿ ಮೊದಲೇ ಇರುತ್ತದೆ, ಓರ್ಕಾ ಲಿನಕ್ಸ್‌ನದು. ‘ಎನ್‌ವಿಡಿಎ ಕೀಲಿ’ ಎಂದರೆ ಇನ್ಸರ್ಟ್. ಹಾಗೆ ಹೊಂದಿಸಿಕೊಂಡವರಿಗೆ ಕ್ಯಾಪ್ಸ್ ಲಾಕ್.

ಪ್ರಶ್ನೆ: ನಾವು ನಾಲ್ವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿ ಪೈಥಾನ್‌ನಲ್ಲಿ ಪುಟ್ಟ ಕೋಡ್ ಎಡಿಟರ್ ಮಾಡುತ್ತಿದ್ದೇವೆ. ಕಿಟಕಿ, ಬಟನ್‌ಗಳಿಗೆ ಟಿಕೆಇಂಟರ್ ಬಳಸಿದ್ದೇವೆ. ನಮ್ಮಲ್ಲೊಬ್ಬನಿಗೆ ದೃಷ್ಟಿಯಿಲ್ಲ. ಅವನ ಎನ್‌ವಿಡಿಎ ಕಿಟಕಿಯ ಶೀರ್ಷಿಕೆ ಓದಿ ಸುಮ್ಮನಾಗುತ್ತದೆ. ಎಡಿಟರ್ ಮ್ಯಾಕ್, ಲಿನಕ್ಸ್‌ಗಳಲ್ಲೂ ನಡೆಯಬೇಕು. ಎಲ್ಲಿಂದ ಸರಿಪಡಿಸುವುದು?
– ಓದುಗರು, ಮೈಸೂರು

ಉತ್ತರ: ಟಿಕೆಇಂಟರ್ ಬಿಡಿ. ಸ್ಕ್ರೀನ್ ರೀಡರ್ ಪರದೆಯ ಚಿತ್ರ ನೋಡಿ ಓದುವುದಿಲ್ಲ. ಆಪರೇಟಿಂಗ್ ಸಿಸ್ಟಮ್‌ನ ಅಕ್ಸೆಸಿಬಿಲಿಟಿ ಎಪಿಐ (ತಂತ್ರಾಂಶಗಳು ಪರಸ್ಪರ ಮಾಹಿತಿ ಕೇಳುವ ವ್ಯವಸ್ಥೆ) ಮೂಲಕ ‘ಇದು ಏನು, ಹೆಸರೇನು, ಈಗ ಯಾವ ಸ್ಥಿತಿಯಲ್ಲಿದೆ’ ಎಂದು ನಿಮ್ಮ ತಂತ್ರಾಂಶವನ್ನೇ ಕೇಳುತ್ತದೆ. ಟಿಕೆಇಂಟರ್‌ನ ಒಳಗಿರುವ ಟಿಕೆ 8.6 ಈ ಪ್ರಶ್ನೆಗೆ ಉತ್ತರ ಕೊಡುವುದೇ ಇಲ್ಲ. ನೀವು ಬಟನ್‌ಗೆ ಎಷ್ಟು ಚೆಂದದ ಹೆಸರಿಟ್ಟರೂ ಅದು ಹೊರಗೆ ಹೋಗಲು ದಾರಿಯಿಲ್ಲ.

ವಿಂಡೋಸ್‌ನಲ್ಲಿ ಎಂಎಸ್‌ಎಎ, ಐಅಕ್ಸೆಸಿಬಲ್2, ಯುಐ ಆಟೊಮೇಷನ್ ಎಂಬ ಮೂರು ಎಪಿಐ ಬಳಕೆಯಲ್ಲಿವೆ. ಮ್ಯಾಕ್‌ನಲ್ಲಿ ಎನ್‌ಎಸ್‌ಅಕ್ಸೆಸಿಬಿಲಿಟಿ, ಲಿನಕ್ಸ್‌ನಲ್ಲಿ ಡಿ-ಬಸ್ ಮೇಲೆ ಓಡುವ ಎಟಿ-ಎಸ್‌ಪಿಐ. ಇಷ್ಟನ್ನೂ ನೀವೇ ಬರೆಯಲು ಹೊರಟರೆ ಎಡಿಟರ್ ಮುಗಿಯುವ ಹೊತ್ತಿಗೆ ನಿಮ್ಮ ಪದವಿಯೂ ಮುಗಿದಿರುತ್ತದೆ. ಆ ಕೆಲಸವನ್ನು ಆಗಲೇ ಮಾಡಿರುವ ಟೂಲ್‌ಕಿಟ್ (ಕಿಟಕಿ, ಬಟನ್ ಕಟ್ಟುವ ಸಿದ್ಧ ಸಾಮಗ್ರಿ) ಹಿಡಿಯಿರಿ: ಕ್ಯೂಟಿ ಅಥವಾ ಡಬ್ಲ್ಯೂಎಕ್ಸ್‌ಪೈಥಾನ್. ಎನ್‌ವಿಡಿಎಯ ಸ್ವಂತ ಸೆಟ್ಟಿಂಗ್ಸ್ ಕಿಟಕಿಗಳು ಡಬ್ಲ್ಯೂಎಕ್ಸ್‌ಪೈಥಾನ್‌ನಲ್ಲೇ ಇವೆ.

ಡಬ್ಲ್ಯೂಎಕ್ಸ್ ಆಯಾ ಸಿಸ್ಟಮ್‌ನ ಸ್ವಂತ ಬಟನ್, ಪಟ್ಟಿಗಳನ್ನೇ ಬಳಸುವುದರಿಂದ ಬಹಳಷ್ಟು ಪುಕ್ಕಟೆ ಸಿಗುತ್ತದೆ. ಆದರೆ ಅದರಲ್ಲೊಂದು ಗುಂಡಿಯಿದೆ, ಹೊಸಬರೆಲ್ಲ ಅದಕ್ಕೆ ಬೀಳುತ್ತಾರೆ. ಪಟ್ಟಿ ತೋರಿಸುವ ಲಿಸ್ಟ್‌ಕಂಟ್ರೋಲ್ ವಿಂಡೋಸ್‌ನಲ್ಲಿ ಮಾತ್ರ ಸಿಸ್ಟಮ್‌ನ ಸ್ವಂತದ್ದು. ಮ್ಯಾಕ್, ಲಿನಕ್ಸ್‌ಗಳಲ್ಲಿ ಡಬ್ಲ್ಯೂಎಕ್ಸ್ ಅದನ್ನು ತಾನೇ ಚಿತ್ರಿಸುತ್ತದೆ. ಹಾಗಾಗಿ ಎನ್‌ವಿಡಿಎಯಲ್ಲಿ ಸರಾಗವಾಗಿ ಓದಿದ ಪಟ್ಟಿ ವಾಯ್ಸ್‌ಓವರ್‌ನಲ್ಲಿ ಮೂಕವಾಗುತ್ತದೆ. ಡೇಟಾವ್ಯೂ ಲಿಸ್ಟ್‌ಕಂಟ್ರೋಲ್‌ನದು ಇದಕ್ಕೆ ಉಲ್ಟಾ: ಮ್ಯಾಕ್, ಲಿನಕ್ಸ್‌ಗಳಲ್ಲಿ ಸ್ವಂತದ್ದು, ವಿಂಡೋಸ್‌ನಲ್ಲಿ ಚಿತ್ರಿಸಿದ್ದು. ಎರಡನ್ನೂ ಒಂದು ಪುಟ್ಟ ಕ್ಲಾಸಿನೊಳಗೆ ಮುಚ್ಚಿಟ್ಟು, ಯಾವ ಸಿಸ್ಟಮ್ ಎಂದು ನೋಡಿ ತಕ್ಕದ್ದನ್ನು ಕೊಡುವಂತೆ ಮಾಡಿ. ಮೂವತ್ತು ಸಾಲಿನ ಕೆಲಸ.

ಇನ್ನೊಂದು ತೊಡಕು ಪೆಟ್ಟಿಗೆಗಳ ಹೆಸರಿನದು. ವಿಂಡೋಸ್‌ನಲ್ಲಿ ಪಠ್ಯಪೆಟ್ಟಿಗೆಗೆ ಹೆಸರು ಸಿಗುವುದು ಅದಕ್ಕಿಂತ ಸ್ವಲ್ಪ ಮುಂಚೆ ರಚನೆಯಾದ ಸ್ಟ್ಯಾಟಿಕ್ ಟೆಕ್ಸ್ಟ್‌ನಿಂದ. ಪರದೆಯ ಮೇಲೆ ಪಕ್ಕದಲ್ಲಿದ್ದರೆ ಸಾಲದು, ಕೋಡಿನಲ್ಲಿ ಹಿಂದಿನ ಸಾಲಿನಲ್ಲಿರಬೇಕು. ಪೆಟ್ಟಿಗೆ ಮೊದಲು, ಹೆಸರು ಆಮೇಲೆ ಬರೆದರೆ ‘ಫೈಲ್ ಹೆಸರು’ ಎಂಬುದು ಮುಂದಿನ ಪೆಟ್ಟಿಗೆಗೆ ಅಂಟಿಕೊಳ್ಳುತ್ತದೆ. ಕ್ಯೂಟಿಯಲ್ಲಿ ಈ ಊಹೆಯ ಆಟವಿಲ್ಲ. ಲೇಬಲ್‌ಗೆ ಸೆಟ್‌ಬಡಿ ಮೂಲಕ ಪೆಟ್ಟಿಗೆಯನ್ನು ಜೋಡಿಸಿ. ಬರೀ ಐಕಾನ್ ಇರುವ ಬಟನ್‌ಗೆ ಸೆಟ್‌ಅಕ್ಸೆಸಿಬಲ್‌ನೇಮ್ ಕೊಡಿ. ಹೆಸರಿನಲ್ಲಿ ‘ಬಟನ್’ ಎಂದು ಸೇರಿಸಬೇಡಿ, ಅದನ್ನು ಸ್ಕ್ರೀನ್ ರೀಡರೇ ಹೇಳುತ್ತದೆ. ಇಲ್ಲದಿದ್ದರೆ ‘ಉಳಿಸು ಬಟನ್ ಬಟನ್’ ಎಂದು ಕೇಳಿಸುತ್ತದೆ.

ನಿಮ್ಮದು ಕೋಡ್ ಎಡಿಟರ್ ಆದ್ದರಿಂದ ಪಠ್ಯದ ಜಾಗವೇ ಮುಖ್ಯ. ನೋಟ್‌ಪ್ಯಾಡ್ ಪ್ಲಸ್‌ಪ್ಲಸ್‌ನಲ್ಲಿರುವ ಸಿಂಟಿಲಾ ಎಂಬ ಪಠ್ಯದ ಘಟಕವನ್ನು ಎನ್‌ವಿಡಿಎ ವಿಶೇಷವಾಗಿ ಗುರುತಿಸಿ ಓದುತ್ತದೆ. ಅದನ್ನು ನಂಬಿ ಸಿಂಟಿಲಾ ಎಲ್ಲ ಕಡೆಯೂ ಮಾತಾಡುತ್ತದೆ ಎಂದುಕೊಳ್ಳಬೇಡಿ. ಕ್ಯೂಟಿಯ ಪ್ಲೇನ್‌ಟೆಕ್ಸ್ಟ್‌ಎಡಿಟ್ ಸುರಕ್ಷಿತ ಆಯ್ಕೆ. ಬಣ್ಣ, ಸಾಲುಸಂಖ್ಯೆಗಳನ್ನು ಅದರ ಮೇಲೆ ಕಟ್ಟಿಕೊಳ್ಳಿ.

ಪರೀಕ್ಷೆಯ ಹೊರೆಯನ್ನೆಲ್ಲ ಆ ಒಬ್ಬ ಗೆಳೆಯನ ಮೇಲೆ ಹಾಕಬೇಡಿ. ಎನ್‌ವಿಡಿಎಗೆ ಕಂಟ್ರೋಲ್-ಆಲ್ಟ್-ಎನ್, ವಾಯ್ಸ್‌ಓವರ್‌ಗೆ ಕಮಾಂಡ್-ಎಫ್5, ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಓರ್ಕಾಗೆ ಸೂಪರ್-ಆಲ್ಟ್-ಎಸ್ ಒತ್ತಿ, ಮೌಸ್ ಬದಿಗಿಟ್ಟು, ಫೈಲ್ ತೆರೆದು, ತಿದ್ದಿ, ಉಳಿಸಿ ಮುಚ್ಚುವಷ್ಟನ್ನು ಪ್ರತಿಯೊಬ್ಬರೂ ತಮ್ಮ ಯಂತ್ರದಲ್ಲಿ ಮಾಡಿ ನೋಡಬೇಕು. ಅವನ ಸಮಯವನ್ನು ‘ಓದುತ್ತದೆ, ಆದರೆ ಕೆಲಸಕ್ಕೆ ಹಿತವಿಲ್ಲ’ ಎಂಬಂಥ ಸೂಕ್ಷ್ಮಗಳಿಗೆ ಉಳಿಸಿ.

ಪ್ರಶ್ನೆ: ಗ್ನೋಮ್‌ಗಾಗಿ ಜಿಟಿಕೆ4 ಟೂಲ್‌ಕಿಟ್‌ನಲ್ಲಿ ಬರೆದ ಆ್ಯಪ್ ಓರ್ಕಾದಲ್ಲಿ ಓದುತ್ತದೆ, ವಿಂಡೋಸ್‌ನಲ್ಲಿ ಒಂದಕ್ಷರವೂ ಇಲ್ಲ. ಕಾರಣ?
– ಓದುಗರು, ಮಂಗಳೂರು

ಉತ್ತರ: ಜಿಟಿಕೆ4ಕ್ಕೆ ಬಹುಕಾಲ ಲಿನಕ್ಸ್‌ನ ಎಟಿ-ಎಸ್‌ಪಿಐ ಒಂದೇ ಗೊತ್ತಿತ್ತು. 2025ರಲ್ಲಿ ಬಂದ 4.18ರಲ್ಲಿ ಅಕ್ಸೆಸ್‌ಕಿಟ್ ಎಂಬ ರಸ್ಟ್ ಭಾಷೆಯ ಲೈಬ್ರರಿಯ ಮೂಲಕ ವಿಂಡೋಸ್ ಮತ್ತು ಮ್ಯಾಕ್‌ಗೂ ದಾರಿ ತೆರೆಯಿತು. ಅದನ್ನು ಜಿಟಿಕೆ ಬಿಲ್ಡ್ ಮಾಡುವಾಗಲೇ ಸೇರಿಸಿರಬೇಕು, ಹಳೆಯ ಬಿಲ್ಡ್‌ನಲ್ಲಿ ಇರುವುದಿಲ್ಲ. ರಸ್ಟ್‌ನಲ್ಲಿ ಹೊಸ ಟೂಲ್‌ಕಿಟ್ ಬರೆಯುವವರು ನೇರವಾಗಿ ಅಕ್ಸೆಸ್‌ಕಿಟ್ ಬಳಸುವುದೇ ಮೇಲು. ನೀವು ಒಂದು ಮರದಾಕಾರದ ವಿವರಣೆ ಕೊಟ್ಟರೆ ಮೂರೂ ಸಿಸ್ಟಮ್‌ಗೆ ಬೇಕಾದ ರೂಪಕ್ಕೆ ಅದೇ ತಿರುಗಿಸುತ್ತದೆ. ಗೊಡೋ ಗೇಮ್ ಎಂಜಿನ್ 4.5ರಲ್ಲಿ ಸ್ಕ್ರೀನ್ ರೀಡರ್ ಬೆಂಬಲ ಬಂದದ್ದೂ ಇದರಿಂದಲೇ.

ಪ್ರಶ್ನೆ: ಪೈಥಾನ್ ಕಲಿಯುತ್ತಿದ್ದೇನೆ. ಸಾಲಿನ ಮುಂದೆ ಎಷ್ಟು ಜಾಗವಿದೆ ಎಂದು ಎನ್‌ವಿಡಿಎ ಹೇಳುವುದಿಲ್ಲ. ಕೋಲನ್, ಆವರಣಗಳನ್ನೂ ನುಂಗುತ್ತದೆ. ಬ್ರೈಲ್ ಡಿಸ್‌ಪ್ಲೇನಲ್ಲೂ ಆವರಣ ಚಿಹ್ನೆಗಳು ಏನೇನೋ ಆಗುತ್ತವೆ.
– ಓದುಗರು, ಶಿವಮೊಗ್ಗ

ಉತ್ತರ: ಮೂರಕ್ಕೂ ಮದ್ದು ಸೆಟ್ಟಿಂಗ್ಸ್‌ನಲ್ಲಿದೆ. ಆದರೆ ಮೊದಲು ನಿಮ್ಮ ಎಡಿಟರ್‌ಗೆಂದೇ ಪ್ರತ್ಯೇಕ ಪ್ರೊಫೈಲ್ ಮಾಡಿಕೊಳ್ಳಿ. ಇಲ್ಲದಿದ್ದರೆ ಕೋಡ್‌ಗೆ ಹೊಂದಿಸಿದ್ದು ಇಮೇಲ್ ಓದುವಾಗ ‘ಅಲ್ಪವಿರಾಮ, ಪೂರ್ಣವಿರಾಮ’ ಎಂದು ತಲೆ ತಿನ್ನುತ್ತದೆ. ಎಡಿಟರ್ ತೆರೆದಿರುವಾಗ ಎನ್‌ವಿಡಿಎ-ಕಂಟ್ರೋಲ್-ಪಿ ಒತ್ತಿ, ಹೊಸ ಪ್ರೊಫೈಲ್‌ನಲ್ಲಿ ‘ಈಗಿನ ಅಪ್ಲಿಕೇಶನ್’ ಆರಿಸಿ. ಎನ್‌ವಿಡಿಎ-ಪಿ ಒತ್ತುತ್ತ ಚಿಹ್ನೆಗಳ ಮಟ್ಟವನ್ನು ‘ಎಲ್ಲ’ಕ್ಕೆ ತನ್ನಿ. ಎನ್‌ವಿಡಿಎ-ಕಂಟ್ರೋಲ್-ಡಿ ಒತ್ತಿದರೆ ಡಾಕ್ಯುಮೆಂಟ್ ಫಾರ್ಮ್ಯಾಟಿಂಗ್ ತೆರೆಯುತ್ತದೆ. ಅಲ್ಲಿ ಲೈನ್ ಇಂಡೆಂಟೇಶನ್ ಎಂಬಲ್ಲಿ ಮಾತು, ಸ್ವರ, ಎರಡೂ ಎಂಬ ಆಯ್ಕೆಗಳಿವೆ. ಮೊದಲ ಕೆಲವು ವಾರ ಎರಡನ್ನೂ ಇಟ್ಟುಕೊಂಡು ಕಿವಿ ಪಳಗಿದ ಮೇಲೆ ಸ್ವರ ಮಾತ್ರ ಉಳಿಸಿಕೊಳ್ಳಿ. ಒಳಗೆ ಸರಿದಷ್ಟೂ ಸ್ವರ ಏರುತ್ತದೆ, ಹೊರಗೆ ಬಂದರೆ ಇಳಿಯುತ್ತದೆ. ‘ಎಂಟು ಸ್ಪೇಸ್’ ಎಂದು ಪ್ರತಿ ಸಲ ಕೇಳುವುದಕ್ಕಿಂತ ಇದು ಬಹಳ ಬೇಗ. ಖಾಲಿ ಸಾಲುಗಳನ್ನು ಲೆಕ್ಕಕ್ಕೆ ಹಿಡಿಯಬೇಡ ಎಂಬ ಆಯ್ಕೆಯನ್ನೂ ಗುರುತು ಮಾಡಿ. ಇಲ್ಲದಿದ್ದರೆ ಮಧ್ಯದ ಖಾಲಿ ಸಾಲಿಗೆ ಸ್ವರ ಇಳಿದು, ಬ್ಲಾಕ್ ಮುಗಿಯಿತೇನೋ ಎನ್ನಿಸುತ್ತದೆ.

ಟ್ಯಾಬ್ ಮತ್ತು ಸ್ಪೇಸ್ ಬೆರೆತ ಫೈಲ್ ತಂಡದಿಂದ ಬಂದರೆ ನಿಮ್ಮ ಸ್ವರಗಳೆಲ್ಲ ಗೊಂದಲವಾಗುತ್ತವೆ. ರೆಪೊಸಿಟರಿಯ ಬೇರಿನಲ್ಲಿ ಎಡಿಟರ್‌ಕಾನ್ಫಿಗ್ ಫೈಲ್ ಇಟ್ಟು, ಸ್ಪೇಸ್ ನಾಲ್ಕು ಎಂದು ಎಲ್ಲರಿಗೂ ಕಟ್ಟು ಹಾಕಿಸಿ. ಇದು ಉಪಕಾರ ಕೇಳಿದಂತಲ್ಲ, ಪೈಥಾನ್ ತಂಡದಲ್ಲಿ ಹೇಗೂ ಇರಬೇಕಾದ ಶಿಸ್ತು. ಓರ್ಕಾದಲ್ಲೂ ಇಂಡೆಂಟೇಶನ್ ಹೇಳಿಸುವ ಆಯ್ಕೆ ಅದರ ಪ್ರೆಫರೆನ್ಸಸ್‌ನಲ್ಲಿದೆ.

ಬ್ರೈಲ್‌ನ ತೊಂದರೆ ಔಟ್‌ಪುಟ್ ಟೇಬಲ್‌ನದು, ಅಂದರೆ ಅಕ್ಷರಗಳನ್ನು ಚುಕ್ಕಿಗಳಾಗಿಸುವ ಕೋಷ್ಟಕದ್ದು. ಆರು ಚುಕ್ಕಿಯ ಸಂಕ್ಷಿಪ್ತ ಬ್ರೈಲ್ ಇದ್ದರೆ ಅಕ್ಷರಗುಂಪುಗಳು ಕುಗ್ಗುತ್ತವೆ, ಕೋಡ್ ಚಿಹ್ನೆಗಳಿಗೆ ಒಂದಕ್ಕಿಂತ ಹೆಚ್ಚು ಕೋಶ ಬೇಕಾಗುತ್ತದೆ. ಇದೇ ಪ್ರೊಫೈಲ್‌ನಲ್ಲಿ ಎಂಟು ಚುಕ್ಕಿಯ ಇಂಗ್ಲಿಷ್ ಕಂಪ್ಯೂಟರ್ ಬ್ರೈಲ್ ಆರಿಸಿ. ಆಗ ಒಂದು ಅಕ್ಷರಕ್ಕೆ ಒಂದೇ ಕೋಶ; ಇಂಡೆಂಟೇಶನ್ ಖಾಲಿ ಕೋಶಗಳಾಗಿ ಬೆರಳಿಗೇ ಸಿಗುತ್ತದೆ.

ಪ್ರಶ್ನೆ: ನಾನು ದೃಷ್ಟಿ ಇರುವ ಡೆವಲಪರ್. ಅಂಧ ಸಹೋದ್ಯೋಗಿಯೊಬ್ಬರ ಜೊತೆ ಜೋಡಿಯಾಗಿ ಕೋಡ್ ಬರೆಯಬೇಕಿದೆ. ಪರದೆ ಹಂಚಿದರೆ ಅವರಿಗೆ ಏನೂ ಸಿಗುವುದಿಲ್ಲ. ಅವರ ಸ್ಕ್ರೀನ್ ರೀಡರ್‌ನ ವೇಗ ನನಗೆ ಅರ್ಥವಾಗುವುದಿಲ್ಲ.
– ಓದುಗರು, ಬೆಂಗಳೂರು

ಉತ್ತರ: ಹಂಚಿದ ಪರದೆ ಅವರ ಕಡೆ ಬರೀ ವಿಡಿಯೊ, ಅದರಲ್ಲಿ ಓದಲು ಪಠ್ಯವೇ ಇಲ್ಲ. ವಿಎಸ್ ಕೋಡ್‌ನ ಲೈವ್ ಶೇರ್‌ನಲ್ಲಾದರೆ ಫೈಲ್ ಅವರ ಎಡಿಟರ್‌ನಲ್ಲೇ ತೆರೆದುಕೊಳ್ಳುತ್ತದೆ, ಅವರ ಸೆಟ್ಟಿಂಗ್ಸ್‌ನಲ್ಲೇ ಓದುತ್ತದೆ. ಮಾತಿನಲ್ಲಿ ‘ಇಲ್ಲಿ ನೋಡಿ’ ಎನ್ನುವುದನ್ನು ಬಿಟ್ಟು ಸಾಲಿನ ಸಂಖ್ಯೆ ಹೇಳಿ. ಅವರು ಕಂಟ್ರೋಲ್-ಜಿ ಒತ್ತಿ ಅಲ್ಲಿಗೆ ಬರುತ್ತಾರೆ.

ಅವರು ಕೇಳುತ್ತಿರುವುದು ನಿಮಗೂ ತಿಳಿಯಬೇಕೆಂದರೆ ಎನ್‌ವಿಡಿಎ ಮೆನುವಿನ ಟೂಲ್ಸ್‌ನಲ್ಲಿ ಸ್ಪೀಚ್ ವ್ಯೂವರ್ ಇದೆ: ಉಚ್ಚರಿಸಿದ್ದೆಲ್ಲ ಪಠ್ಯವಾಗಿ ಬೀಳುತ್ತದೆ. ವಾಯ್ಸ್‌ಓವರ್‌ನಲ್ಲಿ ಇದೇ ಕೆಲಸಕ್ಕೆ ಕ್ಯಾಪ್ಶನ್ ಪ್ಯಾನೆಲ್. ಇಬ್ಬರೂ ವಿಂಡೋಸ್‌ನಲ್ಲಿದ್ದರೆ 2025.1ರಿಂದ ಎನ್‌ವಿಡಿಎಯೊಳಗೇ ಬಂದಿರುವ ರಿಮೋಟ್ ಆಕ್ಸೆಸ್ ಬಳಸಿ ಅವರು ನಿಮ್ಮ ಯಂತ್ರವನ್ನು ನಡೆಸಬಹುದು. ಇಬ್ಬರ ಕಡೆಯೂ ಎನ್‌ವಿಡಿಎ ಓಡುತ್ತಿರಬೇಕು. ಪೋರ್ಟಬಲ್ ಪ್ರತಿಯಾದರೂ ಸಾಕು. ನಿಮ್ಮ ಯಂತ್ರ ಹೇಳಬೇಕಾದದ್ದನ್ನು ಪಠ್ಯವಾಗಿ ಕಳಿಸುತ್ತದೆ, ಅದು ನಿಮ್ಮ ಸಹೋದ್ಯೋಗಿಯ ಯಂತ್ರದಲ್ಲಿ ಅವರದೇ ಧ್ವನಿ, ಅವರದೇ ವೇಗದಲ್ಲಿ ಕೇಳಿಸುತ್ತದೆ.

ಕೋಡ್ ರಿವ್ಯೂಗೆ ವಿಎಸ್ ಕೋಡ್‌ನ ಡಿಫ್ (ಹಳೆಯ, ಹೊಸ ಕೋಡ್‌ಗಳ ಹೋಲಿಕೆ) ತೆರೆದು ಎಫ್7 ಒತ್ತಿದರೆ ಬದಲಾವಣೆಗಳು ಒಂದೊಂದಾಗಿ, ಸೇರಿಸಿದ ಸಾಲು, ಅಳಿಸಿದ ಸಾಲು ಎಂದು ಬರುತ್ತವೆ. ಟರ್ಮಿನಲ್‌ನಲ್ಲಿ ಗಿಟ್ ಲಾಗ್‌ಗೆ ಗ್ರಾಫ್ ಹಾಕಬೇಡಿ. ಆ ಗೆರೆಗಳೆಲ್ಲ ‘ವರ್ಟಿಕಲ್ ಬಾರ್, ಸ್ಟಾರ್’ ಎಂದು ಸುರಿಯುತ್ತವೆ. ಪಿಪ್, ಎನ್‌ಪಿಎಂಗಳ ಪ್ರಗತಿಪಟ್ಟಿಯನ್ನು ಅವುಗಳ ಆಯ್ಕೆಗಳಿಂದ ನಿಲ್ಲಿಸಿ. ಸೆಕೆಂಡಿಗೆ ಹಲವು ಸಲ ಬದಲಾಗುವ ಸಾಲು ಉಳಿದ ಮಾತನ್ನೆಲ್ಲ ತುಳಿದುಹಾಕುತ್ತದೆ. ಎರರ್ ಬಂದರೆ ಸ್ಕ್ರೀನ್‌ಶಾಟ್ ಬೇಡ, ಪಠ್ಯವನ್ನೇ ನಕಲಿಸಿ ಕಳಿಸಿ.

ಪ್ರಶ್ನೆ: ‘ಉಳಿಸಲಾಗಿದೆ’, ‘ಬಿಲ್ಡ್ ವಿಫಲ’ ಎಂಬ ಸೂಚನೆಗಳನ್ನು ಎನ್‌ವಿಡಿಎ ಕಂಟ್ರೋಲರ್ ಡಿಎಲ್‌ಎಲ್ (ವಿಂಡೋಸ್ ಲೈಬ್ರರಿ ಫೈಲ್) ಮೂಲಕ ಹೇಳಿಸುತ್ತಿದ್ದೇವೆ. ಕೆಲವರ ಯಂತ್ರದಲ್ಲಿ ಡಿಎಲ್‌ಎಲ್ ಲೋಡ್ ಆಗುವುದಿಲ್ಲ. ಮ್ಯಾಕ್‌ಗೆ ಏನು ಮಾಡಬೇಕು?
– ಓದುಗರು, ಹುಬ್ಬಳ್ಳಿ

ಉತ್ತರ: ಲೋಡ್ ಆಗದಿರುವುದಕ್ಕೆ ಬಹುಪಾಲು ಕಾರಣ ಬಿಟ್‌ಗಳು ಹೊಂದದಿರುವುದು: 64 ಬಿಟ್ ಪೈಥಾನ್‌ಗೆ 32 ಬಿಟ್ ಡಿಎಲ್‌ಎಲ್ ಕೊಟ್ಟಿರುತ್ತೀರಿ. ನೋಡಬೇಕಾದದ್ದು ನಿಮ್ಮ ಪ್ರೋಗ್ರಾಮ್‌ನ ಬಿಟ್, ವಿಂಡೋಸ್‌ನದಲ್ಲ.

ಆದರೂ ಈ ದಾರಿಯನ್ನು ಆಟಗಳಿಗೆ ಬಿಟ್ಟು ಎಡಿಟರ್‌ಗೆ ಬೇರೆಯದನ್ನು ಹಿಡಿಯಿರಿ. ಡಿಎಲ್‌ಎಲ್ ಎನ್‌ವಿಡಿಎ ಒಂದಕ್ಕೇ ಹೇಳುತ್ತದೆ. ಜಾಸ್‌ಗೆ ಬೇರೆ, ಮ್ಯಾಕ್‌ಗೆ ಬೇರೆ, ಲಿನಕ್ಸ್‌ಗೆ ಬೇರೆ ಎಂದು ಹೊಲಿಗೆ ಹಾಕುತ್ತ ಹೋಗಬೇಕು. ಬಳಕೆದಾರರು ಸ್ಕ್ರೀನ್ ರೀಡರ್ ಬದಲಿಸಿದ ದಿನ ಮತ್ತೆ ಮೌನ. ಸಿಸ್ಟಮ್‌ಗೇ ‘ಇದನ್ನು ಘೋಷಿಸು’ ಎನ್ನುವ ಸೌಲಭ್ಯ ಈಗ ಮೂರೂ ಕಡೆ ಇದೆ. ವಿಂಡೋಸ್‌ನಲ್ಲಿ ಯುಐ ಆಟೊಮೇಷನ್‌ನ ನೋಟಿಫಿಕೇಶನ್ ಈವೆಂಟ್, ಮ್ಯಾಕ್‌ನಲ್ಲಿ ಅನೌನ್ಸ್‌ಮೆಂಟ್ ನೋಟಿಫಿಕೇಶನ್, ಲಿನಕ್ಸ್‌ನಲ್ಲಿ ಎಟಿ-ಎಸ್‌ಪಿಐ ಅನೌನ್ಸ್‌ಮೆಂಟ್. ಕ್ಯೂಟಿ 6.8ರಿಂದ ಕ್ಯೂಅಕ್ಸೆಸಿಬಲ್ ಅನೌನ್ಸ್‌ಮೆಂಟ್ ಈವೆಂಟ್ ಎಂಬ ಒಂದೇ ಕರೆಯಲ್ಲಿ ಇದು ಸಿಗುತ್ತದೆ.

ವೆಬ್ ಪುಟದಂತೆ ಆ್ಯಪ್ ಕಟ್ಟುವ ಎಲೆಕ್ಟ್ರಾನ್ ಆದರೆ ಲೈವ್ ರೀಜನ್, ಅಂದರೆ ಬದಲಾದೊಡನೆ ಸ್ಕ್ರೀನ್ ರೀಡರ್ ಓದುವ ಪುಟದ ಭಾಗ. ಅಲ್ಲಿ ಎರಡು ತಪ್ಪು ಸಾಮಾನ್ಯ. ಸಂದೇಶದ ಜೊತೆಗೇ ರೀಜನ್ ಸೃಷ್ಟಿಸಿದರೆ ಹಲವು ಸಲ ಓದುವುದೇ ಇಲ್ಲ. ಅದು ಪುಟ ತೆರೆದಾಗಲೇ ಖಾಲಿಯಾಗಿ ಇರಬೇಕು. ಎರಡನೆಯದು, ‘ಉಳಿಸಲಾಗಿದೆ’ ಎಂಬ ಅದೇ ಪಠ್ಯವನ್ನು ಮತ್ತೆ ಹಾಕಿದರೆ ಬದಲಾವಣೆ ಆಗಿಲ್ಲವೆಂದು ಸುಮ್ಮನಿರುತ್ತದೆ. ಮೊದಲು ಖಾಲಿ ಮಾಡಿ, ಸ್ವಲ್ಪ ತಡೆದು ಹಾಕಿ. ಓದುತ್ತಿರುವುದನ್ನು ತಡೆದು ಕೂಡಲೇ ಹೇಳಿಸುವ ಅಸರ್ಟಿವ್ ಎಂಬುದನ್ನು ಬಿಲ್ಡ್ ಮುರಿದಂಥ ಸುದ್ದಿಗೆ ಮಾತ್ರ ಇಡಿ. ತಾನೇ ಉಳಿಸುವ ಎಡಿಟರ್ ಪ್ರತಿ ಸಲವೂ ಟೈಪಿಸುವವರ ಮಾತು ಕತ್ತರಿಸಿದರೆ ಅದಕ್ಕಿಂತ ಕಿರಿಕಿರಿ ಇನ್ನೊಂದಿಲ್ಲ.

ಪ್ರಶ್ನೆ: ದೋಷ ಆ್ಯಪ್‌ನದೋ ಸ್ಕ್ರೀನ್ ರೀಡರ್‌ನದೋ ಗೊತ್ತಾಗದೆ ಎರಡೂ ಕಡೆಯವರು ‘ನಮ್ಮದಲ್ಲ’ ಎನ್ನುತ್ತಾರೆ.
– ಓದುಗರು, ಕಲಬುರಗಿ

ಉತ್ತರ: ಮೊದಲು ಅದೇ ಜಾಗವನ್ನು ಅದೇ ಸಿಸ್ಟಮ್‌ನ ಇನ್ನೊಂದು ಸ್ಕ್ರೀನ್ ರೀಡರ್‌ನಲ್ಲಿ ನೋಡಿ. ವಿಂಡೋಸ್‌ನಲ್ಲಿ ನರೇಟರ್ ಇದ್ದೇ ಇರುತ್ತದೆ. ಎರಡೂ ಮೂಕವಾದರೆ ತಪ್ಪು ಆ್ಯಪ್‌ನದೆಂದು ಹಿಡಿದು ಮುಂದುವರಿಯಬಹುದು. ಒಂದೇ ತಪ್ಪಿದರೆ ಎನ್‌ವಿಡಿಎಯಿಂದ ಹೊರಬರುವ ಸಂವಾದದಲ್ಲಿ ಆಡ್-ಆನ್‌ಗಳಿಲ್ಲದೆ ಮರುಆರಂಭಿಸುವ ಆಯ್ಕೆ ತೆಗೆದುಕೊಂಡು ಮತ್ತೆ ಪರೀಕ್ಷಿಸಿ. ಆಡ್-ಆನ್‌ಗಳದೇ ಕಿತಾಪತಿ ಎಂಬುದು ಎಷ್ಟೋ ಸಲ ಇಲ್ಲೇ ಬಯಲಾಗುತ್ತದೆ. ಆಮೇಲೆ ತೊಂದರೆಯ ಬಟನ್ ಮೇಲೆ ನಿಂತು ಎನ್‌ವಿಡಿಎ-ಎಫ್1 ಒತ್ತಿ. ಲಾಗ್‌ನಲ್ಲಿ ಆ ವಸ್ತುವಿನ ಹೆಸರು, ಪಾತ್ರ, ಸ್ಥಿತಿ, ವಿಂಡೋ ಕ್ಲಾಸ್ ಎಲ್ಲ ಬಂದಿರುತ್ತವೆ. ಹೆಸರಿನ ಜಾಗ ಖಾಲಿಯಿದ್ದರೆ ಆ್ಯಪ್‌ನವರಿಗೆ ಅಷ್ಟನ್ನೇ ಕಳಿಸಿದರೆ ವಾದ ಮುಗಿಯಿತು. ಮ್ಯಾಕ್‌ನಲ್ಲಿ ಎಕ್ಸ್‌ಕೋಡ್ ಜೊತೆಗಿನ ಅಕ್ಸೆಸಿಬಿಲಿಟಿ ಇನ್‌ಸ್ಪೆಕ್ಟರ್, ಲಿನಕ್ಸ್‌ನಲ್ಲಿ ಅಕ್ಸರ್ಸೈಸರ್ ಇದೇ ಮಾಹಿತಿ ಕೊಡುತ್ತವೆ.

ವರದಿಯಲ್ಲಿ ಸಿಸ್ಟಮ್, ಆ್ಯಪ್, ಸ್ಕ್ರೀನ್ ರೀಡರ್ ಮೂರರ ಆವೃತ್ತಿ, ಒತ್ತಿದ ಕೀಲಿಗಳು, ಕೇಳಿಸಿದ್ದು, ಕೇಳಿಸಬೇಕಿದ್ದದ್ದು ಇರಲಿ. ಒಂದು ಎಚ್ಚರಿಕೆ: ಲಾಗ್ ಮಟ್ಟ ಇನ್‌ಪುಟ್-ಔಟ್‌ಪುಟ್ ಅಥವಾ ಅದಕ್ಕಿಂತ ವಿವರವಾದದ್ದಾಗಿದ್ದರೆ ನೀವು ಒತ್ತಿದ ಕೀಲಿಗಳೆಲ್ಲ ಅದರಲ್ಲಿರುತ್ತವೆ. ಆ ಅವಧಿಯಲ್ಲಿ ಪಾಸ್‌ವರ್ಡ್ ಟೈಪಿಸಿದ್ದರೆ ಅದೂ ಸೇರಿ.

ಪ್ರಶ್ನೆ: ಕೋಡ್‌ನೊಳಗಿನ ಕನ್ನಡ ಪಠ್ಯ ಸರಿಯಾಗಿ ಓದುವುದಿಲ್ಲ. ಜೊತೆಗೆ, ಕೇಳಲು ಒಂದೇ ಇರುವ ಎರಡು ಪದಗಳನ್ನು ಪ್ರೋಗ್ರಾಮ್ ಬೇರೆ ಎನ್ನುತ್ತದೆ.
– ಓದುಗರು, ದಾವಣಗೆರೆ

ಉತ್ತರ: ಎನ್‌ವಿಡಿಎ ಜೊತೆ ಬರುವ ಇಸ್ಪೀಕ್ ಎಂಬ ಧ್ವನಿ ಎಂಜಿನ್‌ನಲ್ಲಿ ಕನ್ನಡ ಧ್ವನಿ ಆರಿಸಿ. ಅದು ರೋಮನ್ ಅಕ್ಷರದ ಪದಗಳನ್ನು ಇಂಗ್ಲಿಷ್‌ನಂತೆಯೇ ಓದುವುದರಿಂದ ಕೋಡ್‌ಗೂ ಒದಗುತ್ತದೆ. ದನಿ ಯಂತ್ರದಂತಿದೆ ಎಂಬ ದೂರು ನಿಜ, ಆದರೆ ಹೆಚ್ಚಿನ ವೇಗದಲ್ಲೂ ಸ್ಪಷ್ಟವಾಗಿರುತ್ತದೆ. ಇಸ್ಪೀಕ್ ತಪ್ಪಾಗಿ ಉಚ್ಚರಿಸುವ ಕನ್ನಡ ಪದಗಳನ್ನು ತಿದ್ದಲು ಅದರ ಮೂಲಸಂಕೇತದ ಡಿಕ್ಟ್‌ಸೋರ್ಸ್ ಫೋಲ್ಡರ್‌ನಲ್ಲಿ ಕನ್ನಡದ ಲಿಸ್ಟ್ ಮತ್ತು ರೂಲ್ಸ್ ಎಂಬ ಎರಡು ಫೈಲ್‌ಗಳಿವೆ. ತಿದ್ದಿ ಕಳಿಸಿದರೆ ಲಿನಕ್ಸ್ ಬಳಸುವವರಿಗೂ ಲಾಭ, ಏಕೆಂದರೆ ಅಲ್ಲೂ ಇದೇ ಇಸ್ಪೀಕ್ ಬಳಕೆಯಲ್ಲಿದೆ. ನುಡಿ, ಬರಹಗಳ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪಿಸಿದ ಪಠ್ಯವಾದರೆ ಯಾವ ಧ್ವನಿಯೂ ಓದಲಾರದು; ಮೊದಲು ಯೂನಿಕೋಡ್‌ಗೆ ಬದಲಿಸಿ.

ಎರಡನೆಯದಕ್ಕೆ ಕಾರಣ ಕಣ್ಣಿಗೂ ಕಾಣದ, ಕಿವಿಗೂ ಕೇಳದ ಅಕ್ಷರಗಳು. ‘ಸಾಫ್ಟ್‌ವೇರ್’ ಎಂದು ಒತ್ತು ಬೀಳದಂತೆ ಬರೆಯಲು ನಡುವೆ ಸೊನ್ನೆ ಅಗಲದ ಅಕ್ಷರವೊಂದನ್ನು ಹಾಕುತ್ತೇವೆ, ಅದರ ಸಂಖ್ಯೆ 8204. ಒಬ್ಬರು ಹಾಕಿ ಇನ್ನೊಬ್ಬರು ಬಿಟ್ಟರೆ ಪ್ರೋಗ್ರಾಮ್‌ಗೆ ಎರಡು ಪದ. ‘ಕೊ’ ಎಂಬಲ್ಲಿಯೂ ಸ್ವರಚಿಹ್ನೆ 3274 ಎಂಬ ಒಂದೇ ಅಕ್ಷರವಾಗಿರಬಹುದು, 3270 ಮತ್ತು 3266 ಎಂಬ ಎರಡರ ಜೋಡಿಯೂ ಆಗಿರಬಹುದು. ನಂಬರ್ ಪ್ಯಾಡ್‌ನ 2ನ್ನು ಮೂರು ಸಲ ಒತ್ತಿದರೆ ಎನ್‌ವಿಡಿಎ ಅಕ್ಷರದ ಸಂಖ್ಯೆ ಹೇಳುತ್ತದೆ. ಯಾವ ಸಿಸ್ಟಮ್ ಆದರೂ ಪೈಥಾನ್‌ನ ಆಸ್ಕಿ ಫಂಕ್ಷನ್‌ಗೆ ಪದ ಕೊಟ್ಟರೆ ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತದೆ. ಹೋಲಿಸುವ ಮುನ್ನ ಎರಡೂ ಪದಗಳನ್ನು ಎನ್‌ಎಫ್‌ಸಿ ಎಂಬ ಯೂನಿಕೋಡ್‌ನ ಏಕರೂಪಕ್ಕೆ ತನ್ನಿ. ಎನ್‌ಎಫ್‌ಸಿ ಸ್ವರದ ಜೋಡಿಯನ್ನು ಸೇರಿಸುತ್ತದೆ, 8204 ಅನ್ನು ಮಾತ್ರ ಮುಟ್ಟುವುದಿಲ್ಲ. ಅದನ್ನು ಹೋಲಿಕೆಗೆಂದು ಮಾಡಿದ ಪ್ರತಿಯಿಂದ ನೀವೇ ತೆಗೆಯಬೇಕು. ತೋರಿಸುವ ಪಠ್ಯದಿಂದ ತೆಗೆದರೆ ಪದದ ರೂಪವೇ ಕೆಡುತ್ತದೆ.