ಓದುಗರ ಪ್ರಶ್ನೆ: ಮುಖ್ಯೋಪಾಧ್ಯಾಯರ ವೈಖರಿ, ಶಿಕ್ಷಕರ ಆರೋಗ್ಯ

ಪ್ರಶ್ನೆ: ಖಾಸಗಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. ಹೊಸ ಹೆಡ್‌ಮಾಸ್ಟರ್ ಬಂದ ಮೇಲೆ ರಾತ್ರಿ ಹತ್ತಕ್ಕೂ ವಾಟ್ಸ್‌ಆ್ಯಪ್‌ನಲ್ಲಿ ಸೂಚನೆ, ತಪ್ಪಿದವರ ಹೆಸರೂ ಗ್ರೂಪಿನಲ್ಲೇ. ಪೀರಿಯಡ್‌ಗಳು ಮೊದಲಿನಷ್ಟೇ ಇವೆ, ಆದರೂ ನಿದ್ದೆಯಿಲ್ಲ, ತಲೆನೋವು. ನನ್ನ ಮನಸ್ಸೇ ಗಟ್ಟಿಯಿಲ್ಲವೇ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಮನಸ್ಸಿನ ದೋಷವಲ್ಲ. ಹೊರೆ ಅಷ್ಟೇ ಇದ್ದರೂ ಅದರ ಮೇಲೆ ನಿಮಗಿದ್ದ ಹಿಡಿತ ಹೋಗಿದೆ. ಕೆಲಸದ ಹೊರೆ ಹೆಚ್ಚಿರುವುದು, ನಿರ್ಧರಿಸುವ ಅವಕಾಶ ಕಡಿಮೆ ಇರುವುದು, ಈ ಎರಡೂ ಕೂಡಿದಲ್ಲೇ ಒತ್ತಡ ಅತಿ ಹೆಚ್ಚು ಎಂದು ಕೆಲಸದ ಒತ್ತಡದ ಬಗ್ಗೆ ಅಧ್ಯಯನ ಮಾಡಿದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ತೋರಿಸಿದ್ದರು. ಸಂಜೆಯ ನಂತರವೂ ಯಾವಾಗ ಸೂಚನೆ ಬರುತ್ತದೋ ಎಂದು ಕಾಯುತ್ತಿರುವ ಮೈಗೆ ವಿಶ್ರಾಂತಿ ಎಲ್ಲಿಂದ ಸಿಗಬೇಕು?

ಎರಡು ವಾರ ಡೈರಿ ಇಡಿ: ಆ ದಿನದ ಪೀರಿಯಡ್‌ಗಳು, ರಜೆ ಹಾಕಿದವರ ಬದಲಿಗೆ ತೆಗೆದುಕೊಂಡ ತರಗತಿಗಳು, ಶಾಲೆ ಬಿಟ್ಟ ಮೇಲೆ ಬಂದ ಸೂಚನೆಗಳು, ಒಂದೇ ಮಾಹಿತಿಯನ್ನು ಎಷ್ಟು ಕಡೆ ಬರೆದಿರಿ. ಬರೀ ‘ತುಂಬಾ ಒತ್ತಡ ಸರ್’ ಎಂದರೆ ‘ಯಾರಿಗಿಲ್ಲಮ್ಮ?’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಡೈರಿ ಮುಂದಿಟ್ಟು, ಮೂರ್ನಾಲ್ಕು ಜನ ಸೇರಿ, ಎರಡು ಮೂರೇ ಬೇಡಿಕೆ ಬರಹದಲ್ಲಿ ಕೊಡಿ. ಬದಲಿ ತರಗತಿ ಸರದಿ ಪ್ರಕಾರ, ದಿನಕ್ಕೆ ಒಂದೇ, ಪ್ರಾರ್ಥನೆಗೆ ಮೊದಲೇ ತಿಳಿಯಲಿ. ತುರ್ತಿದ್ದರೆ ಫೋನ್, ಮಿಕ್ಕಿದ್ದು ಸಂಜೆ ಆರರೊಳಗೆ. ಹೆಸರು ಹಿಡಿದು ಆಡುವ ಮಾತು ಹೆಡ್‌ಮಾಸ್ಟರ್ ಕೊಠಡಿಯೊಳಗೇ ಇರಲಿ. ಇವುಗಳಿಗೆ ಆಡಳಿತ ಮಂಡಳಿ ಒಂದು ರೂಪಾಯಿಯೂ ಖರ್ಚು ಮಾಡಬೇಕಿಲ್ಲ, ಹಾಗಾಗಿ ಒಪ್ಪಿಸುವುದು ಸುಲಭ.

ತಲೆನೋವೆಂದಿರಿ, ಬಿಪಿಯನ್ನೂ ನೋಡಿಕೊಳ್ಳಿ. ಐದು ನಿಮಿಷ ಸುಮ್ಮನೆ ಕುಳಿತು, ಬೆಳಿಗ್ಗೆ ಸಂಜೆ ಎರಡೆರಡು ಸಲ, ಏಳು ದಿನ. ಮನೆಯಲ್ಲಿ ನೋಡಿದ ಸರಾಸರಿ 135/85 ಅಥವಾ ಹೆಚ್ಚಿದ್ದರೆ ವೈದ್ಯರ ಬಳಿ ಹೋಗಿ. ನಿದ್ದೆಗೇಡು ಎರಡು ವಾರ ದಾಟಿದ್ದರೂ ಅಷ್ಟೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಸರ್ಕಾರಿ ಶಾಲೆಯ ಮುಖ್ಯಶಿಕ್ಷಕ. ನಾನು ಯಾರನ್ನೂ ಕೇಳುವವನಲ್ಲ, ಎಲ್ಲರಿಗೂ ಸ್ವಾತಂತ್ರ್ಯ ಕೊಟ್ಟಿದ್ದೇನೆ. ಆದರೂ ಸಿಬ್ಬಂದಿಯಲ್ಲಿ ಜಗಳ, ಸುಸ್ತು. ಯಾಕೆ?
– ಒಬ್ಬ ಓದುಗರು, ಹೊಸಪೇಟೆ

ಉತ್ತರ: ಕೇಳದೇ ಇರುವುದು ಸ್ವಾತಂತ್ರ್ಯವಲ್ಲ ಸರ್. ಬಿಸಿಯೂಟದ ಲೆಕ್ಕ, ಸ್ಯಾಟ್ಸ್ (ವಿದ್ಯಾರ್ಥಿಗಳ ಮಾಹಿತಿಯ ಆನ್‌ಲೈನ್ ವ್ಯವಸ್ಥೆ) ಎಂಟ್ರಿ, ವಿದ್ಯಾರ್ಥಿವೇತನದ ಅರ್ಜಿ ಯಾರದೆಂದು ಹೇಳದಿದ್ದರೆ ಎಲ್ಲವೂ ಕಂಪ್ಯೂಟರ್ ಬರುವ ಒಬ್ಬರ ತಲೆಗೇ ಬೀಳುತ್ತದೆ. ಅವರಿಗೆ ಸಿಟ್ಟು, ಉಳಿದವರಿಗೆ ಸಂಕೋಚ. ಜಗಳದ ಬೇರು ಇದು. ಕೆಲಸ, ಹೊಣೆ ಯಾರದು, ಕೊನೆಯ ದಿನ ಎಂಬ ಮೂರು ಅಂಕಣದ ಪಟ್ಟಿ ಬರೆದು ಗೋಡೆಗೆ ಹಚ್ಚಿ, ಪ್ರತಿ ಟರ್ಮ್‌ಗೆ ಹೊಣೆ ಬದಲಿಸಿ. ಕಲಿಸಿಕೊಡಲು ಹಳಬರಿಗೆ ಒಂದು ವಾರ ಕೊಡಿ. ಇದನ್ನು ಬಿಟ್ಟರೆ ಪಟ್ಟಿ ಗೋಡೆಯಲ್ಲೇ ಉಳಿದು ಕೆಲಸ ಮತ್ತೆ ಹಳೆಯವರಿಗೇ ಬರುತ್ತದೆ.

ಹೊರಗಿನ ಕೆಲಸಕ್ಕೆ ಶಿಕ್ಷಕರನ್ನು ಕಳಿಸುವ ಮೊದಲು ಆದೇಶ ಓದಿ. ಶಿಕ್ಷಣ ಹಕ್ಕು ಕಾಯ್ದೆ, 2009ರ 27ನೇ ಸೆಕ್ಷನ್ ಒಪ್ಪುವುದು ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗೆ ಮಾತ್ರ. ಬೇರೆ ಕೆಲಸಕ್ಕೆ ಬಾಯಿಮಾತಿನಲ್ಲಿ ಕೇಳಿದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಲಿಖಿತ ಆದೇಶ ಕೇಳುವುದು ನಿಮ್ಮ ಕೆಲಸ, ಸಹಶಿಕ್ಷಕರದಲ್ಲ.