ಬೆಳಗ್ಗೆ ಬಿಸಿ, ಸಂಜೆ ವಿಕಿರಣ: ವ್ಯತ್ಯಾಸವೇ ಕಾಣದಿದ್ದರೆ

ಬೆಳಗ್ಗೆ ಕೋಶಗಳಿಗೆ ಬಿಸಿ, ಸಂಜೆ ವಿಕಿರಣ ಕೊಟ್ಟರೂ ವಿಕಿರಣ ಮಾತ್ರ ಕೊಟ್ಟದ್ದಕ್ಕಿಂತ ವ್ಯತ್ಯಾಸ ಕಾಣುತ್ತಿಲ್ಲ, ಏಕೆ ಎಂಬುದು ಪ್ರಶ್ನೆ. ನಡುವಿನ ಇಡೀ ಹಗಲಿನ ಅಂತರವೇ ಕಾರಣವಿರಬೇಕು. ದಾವಣಗೆರೆಯ ಪ್ರಯೋಗಾಲಯದಲ್ಲಿ ಬೆಳಗ್ಗೆ 42 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟ ಕೋಶಗಳು, ಆಸ್ಪತ್ರೆಯಲ್ಲಿ ರೋಗಿಗಳ ಸರದಿ ಮುಗಿದು ವಿಕಿರಣ ಯಂತ್ರ ಸಿಗುವಷ್ಟರಲ್ಲಿ ಚೇತರಿಸಿಕೊಂಡಿರುತ್ತವೆ. ಈ ಹದದ ಬಿಸಿ ಕೋಶವನ್ನು ಕೊಲ್ಲುವುದಕ್ಕಲ್ಲ. ವಿಕಿರಣದಿಂದ ತುಂಡಾದ ಡಿಎನ್‌ಎಯನ್ನು ಬೆಸೆಯಲು ಬೇಕಾದ ಬಿಆರ್‌ಸಿಎ2 ಪ್ರೋಟೀನನ್ನು ಕೆಲಕಾಲ ತಗ್ಗಿಸುವುದಕ್ಕೆ. ಅದು ಮರಳಿದರೆ ದುರಸ್ತಿಯೂ ಮರಳುತ್ತದೆ.

ಬಿಸಿನೀರಿನ ತೊಟ್ಟಿಯನ್ನೇ ಯಂತ್ರದ ಬಳಿಗೆ ಒಯ್ಯಿರಿ. ಕೋಶಗಳಿರುವ, ಮುಚ್ಚಳ ಬಿಗಿದ ಫ್ಲಾಸ್ಕ್‌ಗಳನ್ನು ನೀರಿನಲ್ಲಿ ಮುಳುಗಿಸಿ. ತೊಟ್ಟಿಯ ಪರದೆ ತೋರಿಸುವ ತಾಪಮಾನವನ್ನು ನಂಬಬೇಡಿ. ಕೋಶಗಳಿಲ್ಲದ, ಅಷ್ಟೇ ದ್ರವವಿರುವ ಇನ್ನೊಂದು ಫ್ಲಾಸ್ಕ್‌ನೊಳಗೆ ತಾಪಮಾಪಕವಿಟ್ಟು, 42 ಮುಟ್ಟಿದ ಮೇಲೆ ಗಂಟೆ ಎಣಿಸಿ. ತೆಗೆದ ಕೂಡಲೇ ವಿಕಿರಣ ಕೊಡಿ. ಬಿಸಿ ಮಾತ್ರ, ವಿಕಿರಣ ಮಾತ್ರ, ಎರಡೂ, ಎರಡೂ ಇಲ್ಲದ್ದು: ನಾಲ್ಕೂ ಗುಂಪು ಇರಲೇಬೇಕು. ಪರಿಣಾಮದ ಪ್ರಮಾಣ ಕೋಶದ ಬಗೆಯಿಂದ ಬಗೆಗೆ ಬದಲಾಗುತ್ತದೆ; ಮೊದಲ ಸಲವೇ ದೊಡ್ಡ ಅಂತರ ನಿರೀಕ್ಷಿಸಬೇಡಿ.