ಸಿಮ್ಯುಲೇಶನ್‌ನಲ್ಲಿ ಹೀಟ್ ಫ್ಲಕ್ಸ್ ತಾನಾಗಿ ಇಳಿಯುತ್ತಿದೆ. ಮಾರ್ಕರ್‌ಗಳನ್ನು ಜಾಸ್ತಿ ಮಾಡಿದರೆ ಸಾಕಾ?

ಟೊಕಾಮಾಕ್ (ಬಿಸಿ ಪ್ಲಾಸ್ಮಾವನ್ನು ಕಾಂತಕ್ಷೇತ್ರದಿಂದ ಹಿಡಿದಿಡುವ ಉಂಗುರದಾಕಾರದ ಯಂತ್ರ) ಪ್ಲಾಸ್ಮಾದ ಇಟಿಜಿ (ಎಲೆಕ್ಟ್ರಾನ್ ತಾಪದ ಇಳಿಜಾರಿನಿಂದ ಏಳುವ ಅಸ್ಥಿರತೆ) ರನ್ನಿನಲ್ಲಿ ಟರ್ಬ್ಯುಲೆನ್ಸ್ ಚೆನ್ನಾಗಿ ಎದ್ದು, ಆಮೇಲೆ ಹೀಟ್ ಫ್ಲಕ್ಸ್ (ಅದು ಸಾಗಿಸುವ ಶಾಖದ ಹರಿವು) ನಿಧಾನವಾಗಿ ಇಳಿಯುತ್ತಿದೆ ಎಂದು ಬರೆದಿದ್ದೀರಿ. ಅದನ್ನು ಫಿಸಿಕ್ಸ್ ಎಂದು ನಂಬುವ ಮೊದಲು ನಾಯ್ಸ್ ಅಳೆಯಿರಿ. ನಾನೂ ಇದೇ ಜಾಗದಲ್ಲಿ ಎರಡು ತಿಂಗಳು ಕಳೆದಿದ್ದೇನೆ.

ನಾಯ್ಸ್ ಅಂದರೆ ಗ್ರಾಫಿನ ಮೇಲಿನ ನಡುಕ ಮಾತ್ರ ಅಲ್ಲ. ಮಾರ್ಕರ್ ಅಂದರೆ ಪ್ಲಾಸ್ಮಾದ ಅಸಂಖ್ಯ ಕಣಗಳ ಪರವಾಗಿ ಲೆಕ್ಕದಲ್ಲಿ ಓಡಿಸುವ ಸ್ಯಾಂಪಲ್ ಕಣ. ಅವುಗಳ ಎಣಿಕೆಯ ಏರುಪೇರಿನಿಂದ ಸುಳ್ಳು ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ. ಅದು ಮಾರ್ಕರ್‌ಗಳನ್ನು ಅಡ್ಡಾದಿಡ್ಡಿ ತಳ್ಳುತ್ತದೆ. ಆ ಅಲೆದಾಟವೇ ನಿಜವಾದ ಸುಳಿಗಳನ್ನು ಅಳಿಸಿಬಿಡುತ್ತದೆ. ಹಾಗಾಗಿ ನಾಯ್ಸ್ ಜಾಸ್ತಿಯಾದಂತೆ ಫ್ಲಕ್ಸ್ ಕಡಿಮೆಯಾಗಬಹುದು! ಇಟಿಜಿ ರನ್ನುಗಳಲ್ಲೇ ಇದು ಆಗುತ್ತದೆ ಎಂದು ವಿಲಿಯಂ ನೆವಿನ್ಸ್ ಮತ್ತು ಜೊತೆಗಾರರು 2005ರಲ್ಲಿ ತೋರಿಸಿದರು.

ಬರೀ ಮಾರ್ಕರ್ ಸುರಿದರೆ ಖರ್ಚು ವಿಪರೀತ. ನಾಯ್ಸ್ 10 ಪಟ್ಟು ಇಳಿಯಬೇಕಾದರೆ ಮಾರ್ಕರ್ 100 ಪಟ್ಟು ಬೇಕು. ಡೆಲ್ಟಾ-ಎಫ್ ವಿಧಾನ ಹುಟ್ಟಿದ್ದೇ ಇದಕ್ಕೆ. ಇಡೀ ಪ್ಲಾಸ್ಮಾವನ್ನು ಮಾರ್ಕರ್‌ಗಳಿಂದ ಕಟ್ಟುವುದು, ಒಂದು ಹಿಡಿ ಕಡಲೆಯನ್ನು ಲಾರಿ ಸಮೇತ ವೇಬ್ರಿಡ್ಜ್ ಮೇಲೆ ತೂಗಿದ ಹಾಗೆ. ಲಾರಿಯ ತೂಕ ಮೊದಲೇ ಗೊತ್ತಲ್ವಾ? ಕಡಲೆಯನ್ನಷ್ಟೇ ತೂಗಿ. ಅಂದರೆ ಗೊತ್ತಿರುವ ಹಿನ್ನೆಲೆ ಬಿಟ್ಟು, ಅದರ ಮೇಲಿನ ಸಣ್ಣ ಏರಿಳಿತವನ್ನಷ್ಟೇ ಮಾರ್ಕರ್‌ಗಳಿಂದ ಕಟ್ಟಿ. ಅದರಲ್ಲಿ ಪ್ರತಿ ಮಾರ್ಕರ್ ಹೊರುವ ಪಾಲೇ ಅದರ ವೇಟ್. ಏರಿಳಿತ ಶೇಕಡಾ 1 ಇದ್ದರೆ ನಾಯ್ಸ್ ಸುಮಾರು 100 ಪಟ್ಟು ಇಳಿಯುತ್ತದೆ. ಅಂದರೆ 10,000 ಪಟ್ಟು ಮಾರ್ಕರ್ ಹಾಕಿದಷ್ಟು ಲಾಭ.

ಆದರೆ ನಿಮ್ಮ ತೊಂದರೆ ಬಹುಶಃ ಇಲ್ಲೇ ಇದೆ. ಶಾಖ ಹರಿಯುತ್ತಿರುವಷ್ಟು ಕಾಲ ವೇಟ್‌ಗಳ ವರ್ಗದ ಸರಾಸರಿ ಬೆಳೆಯುತ್ತಲೇ ಇರುತ್ತದೆ. ಡಿಕ್ಕಿಗಳಿಲ್ಲದ ರನ್ನಿನಲ್ಲಿ ಅದನ್ನು ತಡೆಯುವವರೇ ಇಲ್ಲ. ಫ್ಲಕ್ಸ್ ಸ್ಥಿರವಾಗಿ ಕಂಡರೂ ಒಳಗೆ ನಾಯ್ಸ್ ಏರುತ್ತಿರುತ್ತದೆ. ಇದಕ್ಕೆ ಕೆಲವರು ವೇಟ್‌ಗಳನ್ನು ಮೆಲ್ಲಗೆ ತಗ್ಗಿಸುವ ಕ್ರೂಕ್ ಪದವನ್ನು ಸಮೀಕರಣಕ್ಕೆ ಸೇರಿಸುತ್ತಾರೆ. ಸುಮ್ನೆ ಸೇರಿಸಿದರೆ ಝೋನಲ್ ಫ್ಲೋ (ಸುಳಿಗಳನ್ನು ಸೀಳುವ ಪಟ್ಟೆ ಪಟ್ಟೆಯಾದ ಹರಿವು) ಕೂಡ ಸಾಯುತ್ತದೆ. ಟರ್ಬ್ಯುಲೆನ್ಸಿಗೆ ಕಡಿವಾಣ ಹಾಕುವುದೇ ಅದು. ಆದ್ದರಿಂದ ಝೋನಲ್ ಫ್ಲೋ ಉಳಿಸುವ ತಿದ್ದುಪಡಿ ಬೇಕೇ ಬೇಕು. ಆರ್ಬ್5 ಎಂಬ ಸಿಮ್ಯುಲೇಶನ್ ಕೋಡಿನಲ್ಲಿ ಹಾಗೆ ಮಾಡಿದ್ದಾರೆ. ಇನ್ನೊಂದು ದಾರಿ ಕೋರ್ಸ್ ಗ್ರೇನಿಂಗ್. ಸ್ಥಾನ, ವೇಗ ಎರಡರಲ್ಲೂ ಅಕ್ಕಪಕ್ಕ ಇರುವ ಮಾರ್ಕರ್‌ಗಳ ವೇಟ್ ಸರಾಸರಿ ಮಾಡುವುದು.

ಇವೆರಡಕ್ಕೂ ಮೊದಲು ಫಿಲ್ಟರ್ ಹಾಕಿ, ಅದು ಹೆಚ್ಚುಕಡಿಮೆ ಪುಕ್ಕಟೆ. ಸುಳಿಗಳು ಕಾಂತಕ್ಷೇತ್ರದ ಗೆರೆಯುದ್ದಕ್ಕೂ ಚಾಚಿಕೊಂಡಿರುತ್ತವೆ. ಪ್ರತಿ ಮೋಡ್‌ಗೆ (ಅಲೆಯ ಮಾದರಿಗೆ) ಎರಡು ಸಂಖ್ಯೆ: ಉಂಗುರದ ಅಡ್ಡ ಸುತ್ತಿನಲ್ಲಿ ಎಷ್ಟು ಅಲೆ ಎನ್ನುವ ಪೊಲಾಯ್ಡಲ್ ಸಂಖ್ಯೆ, ಉದ್ದ ಸುತ್ತಿನಲ್ಲಿ ಎಷ್ಟು ಎನ್ನುವ ಟೊರಾಯ್ಡಲ್ ಸಂಖ್ಯೆ. ಕ್ಯೂ ಅಂದರೆ ಕಾಂತಕ್ಷೇತ್ರದ ಗೆರೆ ಒಂದು ಅಡ್ಡ ಸುತ್ತಿಗೆ ಹಾಕುವ ಉದ್ದ ಸುತ್ತುಗಳು. ಆದ್ದರಿಂದ ಪೊಲಾಯ್ಡಲ್ ಸಂಖ್ಯೆ, ಟೊರಾಯ್ಡಲ್ ಸಂಖ್ಯೆಯನ್ನು ಕ್ಯೂನಿಂದ ಗುಣಿಸಿದ್ದರ ಹತ್ತಿರ ಇರುವ ಮೋಡ್‌ಗಳನ್ನು ಮಾತ್ರ ಇಟ್ಟುಕೊಳ್ಳಿ. ಹೊರಗೆ ಬಿಟ್ಟ ಮೋಡ್‌ಗಳನ್ನೂ ಬರೆದಿಡಿ. ಅಲ್ಲಿ ಕಾಣುವುದು ಬಹುಪಾಲು ನಾಯ್ಸೇ. ಒಳಗೆ ಉಳಿಸಿದ ಸಿಗ್ನಲ್ ಆ ನಾಯ್ಸಿನ 10 ಪಟ್ಟಿಗಿಂತ ಕೆಳಗೆ ಇಳಿದ ಭಾಗವನ್ನು ನಾನು ಬಳಸುವುದಿಲ್ಲ.

ಈಗ ಇರುವ ರನ್ನಿನಲ್ಲೇ ಒಂದು ಪರೀಕ್ಷೆ ಮಾಡಿ. ಫ್ಲಕ್ಸ್ ಇಳಿದ ಮೇಲಿನ ರೀಸ್ಟಾರ್ಟ್ ಫೈಲ್ ತೆಗೆದುಕೊಂಡು, ತಾಪದ ಇಳಿಜಾರನ್ನು ಸೊನ್ನೆ ಮಾಡಿ ಓಡಿಸಿ. ನಿಜವಾದ ಟರ್ಬ್ಯುಲೆನ್ಸ್ ಆದರೆ ಕ್ಷೇತ್ರ ಕರಗುತ್ತದೆ. ನಾಯ್ಸ್ ಆದರೆ ಹಾಗೇ ಉಳಿಯುತ್ತದೆ. ವೇಟ್‌ಗಳ ಗ್ರಾಫ್ ಜೊತೆ ಅದನ್ನೂ ಇಲ್ಲಿ ಹಾಕಿ, ನೋಡುತ್ತೇನೆ.